ಕನ್ನಡಕ್ಕೆ ಬೇಡವಾದ ಓದುಗರು

ಈ ಮಳೆಗಾಲ ಹಟ ಹಿಡಿದು ಒಂದೇ ಬಗೆಯ ಪುಸ್ತಕಗಳನ್ನು ಓದಿದೆ. ಹದಿಮೂರರಿಂದ ಹದಿನೆಂಟರ ನಡುವಿನವರಿಗೆಂದೇ ಬರೆದ, ಇಲ್ಲವೇ ಅವರ ಕೈಗೆ ಸಲೀಸಾಗಿ ದಾಟಬಹುದಾದ ಕಾದಂಬರಿಗಳು. ಇಂಗ್ಲಿಷಿನವು ನಾಲ್ಕು, ಮಲಯಾಳದ್ದು ಒಂದು, ಉಳಿದದ್ದು ಕನ್ನಡದ್ದು. ಪಾಳ್ಯದಲ್ಲಿ ಜುಲೈ ತಿಂಗಳು ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಓದುವುದಕ್ಕೆ ಬೇರೆ ನೆಪ ಬೇಕಾಗುವುದಿಲ್ಲ. ಓದಿ ಮುಗಿಸಿದ ಮೇಲೆ ಉಳಿದದ್ದು ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು.

ಸಿಟ್ಟು ಯಾರ ಮೇಲೆ ಎಂದು ಮೊದಲೇ ಹೇಳಿಬಿಡುತ್ತೇನೆ. ಈಗಿನ ಹುಡುಗರು ಓದುವುದಿಲ್ಲ ಎಂದು ಪ್ರತಿ ಸಮ್ಮೇಳನದಲ್ಲೂ ನಿಟ್ಟುಸಿರು ಬಿಡುವ ನಮ್ಮ ಹಿರಿಯರ ಮೇಲೆ. ಹನ್ನೆರಡು ವರ್ಷದವರೆಗೆ ಗುಬ್ಬಚ್ಚಿ, ಚಂದಮಾಮ, ಜಾಣ ಮೊಲ. ಹತ್ತೊಂಬತ್ತಕ್ಕೆ ಬಿ.ಎ. ತರಗತಿಯಲ್ಲಿ ನೇರವಾಗಿ ನವ್ಯ. ನಡುವಿನ ಆರೇಳು ವರ್ಷ ಏನು ಓದಬೇಕು? ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ವ್ಯಕ್ತಿತ್ವ ವಿಕಸನದ ಪುಸ್ತಕ, ಮಹಾಪುರುಷರ ಜೀವನಚರಿತ್ರೆ. ಮನುಷ್ಯ ಒಳಗೊಳಗೇ ಅತಿ ಹೆಚ್ಚು ಕುದಿಯುವ ವಯಸ್ಸಿಗೆ ಕನ್ನಡ ಕೊಡುತ್ತಿರುವುದು ಉಪದೇಶ ಮಾತ್ರ.

ಎಸ್. ಇ. ಹಿಂಟನ್ ‘ದಿ ಔಟ್‌ಸೈಡರ್ಸ್’ ಬರೆಯಲು ಕೂತಾಗ ಆಕೆ ಇನ್ನೂ ಹೈಸ್ಕೂಲು ಹುಡುಗಿ. 1967ರಲ್ಲಿ ಅದು ಪ್ರಕಟವಾದಾಗ ಹದಿನೆಂಟು ವರ್ಷ. ಬರೆದವಳು ಹೆಣ್ಣೆಂದು ಗೊತ್ತಾದರೆ ವಿಮರ್ಶಕರು ತಾತ್ಸಾರ ಮಾಡಿಯಾರೆಂದು ಪ್ರಕಾಶಕರು ಪೂರ್ತಿ ಹೆಸರಿನ ಬದಲು ಇನಿಷಿಯಲ್ ಹಾಕಿಸಿದರಂತೆ. ಬಡ ಕೇರಿಯ ಹುಡುಗರಿಗೂ ಸಿರಿವಂತರ ಮನೆಯ ಹುಡುಗರಿಗೂ ನಡೆಯುವ ಜಗಳ, ಅದರಲ್ಲಿ ಆಗುವ ಒಂದು ಕೊಲೆ. ಕತೆ ಹೇಳುವವನಿಗೆ ಹದಿನಾಲ್ಕು ವರ್ಷ. ಕೊನೆಗೆ ಹೆಡ್‌ಮಾಸ್ತರೊಬ್ಬರು ಬಂದು ಎಲ್ಲರಿಗೂ ಬುದ್ಧಿ ಹೇಳುವುದಿಲ್ಲ. ದೊಡ್ಡವರು ಹೆಚ್ಚುಕಡಿಮೆ ಕತೆಯ ಹೊರಗೇ ಇರುತ್ತಾರೆ. ಭಾಷೆ ಅಲ್ಲಲ್ಲಿ ಎಳಸು, ಭಾವುಕತೆ ಜಾಸ್ತಿ. ಹದಿನಾರರ ಕೈ ಬರೆದದ್ದು ಹಾಗಿರದೆ ಇನ್ನು ಹೇಗಿರಬೇಕು?

ಅದೇ 1967ರಲ್ಲಿ ನಮ್ಮಲ್ಲಿ ಬಂದದ್ದು ‘ಮಲೆಗಳಲ್ಲಿ ಮದುಮಗಳು’. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಇಷ್ಟೊಂದು ಎಳೆಯ ಪ್ರೇಮಿಗಳನ್ನು ಇಷ್ಟು ಮರ್ಯಾದೆಯಿಂದ ನೋಡಿದ ಕಾದಂಬರಿ ನಮ್ಮಲ್ಲಿ ಇನ್ನೊಂದಿಲ್ಲ. ಬೇಡದ ಮದುವೆಯಿಂದ ರಾತ್ರೋರಾತ್ರಿ ಮಲೆ ಹತ್ತಿ ಓಡುವ ಚಿನ್ನಮ್ಮನನ್ನು ಸಕಲೇಶಪುರದ ಪಿಯುಸಿ ಹುಡುಗಿಯೊಬ್ಬಳು ಓದಿದರೆ ಉಸಿರು ಬಿಗಿಹಿಡಿದು ಓದುತ್ತಾಳೆ. ಆದರೆ ನಾವು ಅದನ್ನು ಎಂ.ಎ. ವಿದ್ಯಾರ್ಥಿಗಳ ಸೆಮಿನಾರಿಗೆ ಎತ್ತಿಟ್ಟಿದ್ದೇವೆ. ಗಾತ್ರ ನೋಡಿಯೇ ಹೆದರಬೇಕು ಎಂಬುದು ನಿಜ. ಹೆದರಿಕೆ ಬಿಡಿಸುವ ಕೆಲಸ ಯಾರದು?

‘ಘಟಶ್ರಾದ್ಧ’ದ ಗತಿಯೂ ಅದೇ. ವೇದಪಾಠಕ್ಕೆ ಬಂದ ಹುಡುಗನ ಕಣ್ಣಲ್ಲಿ ವಿಧವೆ ಯಮುನಕ್ಕನ ಬಹಿಷ್ಕಾರವನ್ನು ಕಾಣಿಸುವ ಆ ಕತೆಯನ್ನು ಆ ವಯಸ್ಸಿನವನ ಕೈಗೆ ಕೊಡಲು ನಮಗೆ ಮುಜುಗರ.

ಇಷ್ಟು ಹೇಳಿದ ಕೂಡಲೇ ಎದುರಿಗಿದ್ದವರು ತೇಜಸ್ವಿ ಇದ್ದಾರಲ್ಲ ಅನ್ನುತ್ತಾರೆ. ಇದ್ದಾರೆ. ನಮ್ಮ ಗುಡ್ಡದಾಚೆಯ ಮೂಡಿಗೆರೆಯಲ್ಲೇ ಕೂತು ಬರೆದವರು. ‘ಕರ್ವಾಲೊ’ವನ್ನು ಈ ಸಲ ಮತ್ತೆ ಓದಿದೆ, ಒಂದೇ ಕೂತಿನಲ್ಲಿ. ವಿಜ್ಞಾನಿಯೊಬ್ಬರು ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಮಂದಣ್ಣನನ್ನು ಸಹೋದ್ಯೋಗಿಯಂತೆ ಕಾಣುವುದಿದೆಯಲ್ಲ, ಪರೀಕ್ಷೆಯಲ್ಲಿ ಫೇಲಾದ ಯಾವ ಹುಡುಗನಿಗೂ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದು ಬೇಕಿಲ್ಲ. ಹಾರುವ ಓತಿ ಕೊನೆಗೆ ಕೈಗೆ ಸಿಗದೆ ತೇಲಿ ಹೋಗುವಾಗ ಲೇಖಕರು ಅದರಿಂದ ಒಂದು ನೀತಿಯನ್ನೂ ಹಿಂಡುವುದಿಲ್ಲ. ಆದರೆ ‘ಕರ್ವಾಲೊ’ ಬಂದದ್ದು 1980ರಲ್ಲಿ, ‘ಜುಗಾರಿ ಕ್ರಾಸ್’ 1994ರಲ್ಲಿ. ಎಷ್ಟು ತಲೆಮಾರನ್ನು ಇವೆರಡರ ಮೇಲೇ ಸಾಕುವುದು? ‘ಕರ್ವಾಲೊ’ದ ಶೋಧಯಾತ್ರೆಯಲ್ಲಿ ಇರುವವರೆಲ್ಲ ಗಂಡಸರು. ಮಂದಣ್ಣನ ರಾಮಿ ಕತೆಯ ಅಂಚಿನಲ್ಲೇ ಉಳಿಯುತ್ತಾಳೆ. ತೇಜಸ್ವಿಯವರ ಹೆಸರನ್ನು ಉಳಿದವರು ತಮ್ಮ ಸೋಮಾರಿತನಕ್ಕೆ ಕೊಡೆಯಾಗಿ ಹಿಡಿದಿದ್ದಾರೆ ಅನ್ನುವುದು ನನ್ನ ತಕರಾರು.

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಒಂಬತ್ತರಿಂದ ಹದಿನಾರು ವರ್ಷದವರಿಗೆಂದು ಬರೆದ ಪುಸ್ತಕಗಳು ಅದರ ವ್ಯಾಪ್ತಿ. ಒಂಬತ್ತರ ಮಗು, ಹದಿನಾರರ ಹುಡುಗಿ ಇಬ್ಬರಿಗೂ ಒಂದೇ ಬುಟ್ಟಿ! ಬಾವಲಿ ಯಾಕೆ ತಲೆಕೆಳಗಾಗಿ ನೇತಾಡುತ್ತದೆ ಎಂದು ಒಂದು ಕೇಳುತ್ತದೆ. ನೆಂಟರ ಮನೆಯ ಮಾವ ಯಾಕೆ ಹಾಗೆ ನೋಡುತ್ತಾನೆ ಎಂದು ಇನ್ನೊಂದು ಕೇಳಲಾರದೆ ಸುಮ್ಮನಿರುತ್ತದೆ. ಕನ್ನಡಕ್ಕೆ ಈ ಪ್ರಶಸ್ತಿ ತಂದವರ ಬಗ್ಗೆ ನನಗೆ ಗೌರವವಿದೆ: 2011ರಲ್ಲಿ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ನಾ. ಡಿಸೋಜ, 2022ರಲ್ಲಿ ‘ಬಾವಲಿ ಗುಹೆ’ಗೆ ತಮ್ಮಣ್ಣ ಬೀಗಾರ, 2023ರಲ್ಲಿ ‘ಸೂರಕ್ಕಿ ಗೇಟ್’ಗೆ ವಿಜಯಶ್ರೀ ಹಾಲಾಡಿ. ಈ ಪುಸ್ತಕಗಳ ಕಾಡು, ನೀರು, ಹಕ್ಕಿ ನಮಗೆ ಬೇಕೇ ಬೇಕು. ಆದರೆ ಇವುಗಳ ಪಕ್ಕದಲ್ಲಿ ಇನ್ನೊಂದು ಸಾಲು ಹುಟ್ಟಬೇಕಿತ್ತು, ಹುಟ್ಟಲಿಲ್ಲ. 2011ರಲ್ಲೇ ಇಂಗ್ಲಿಷಿಗೆ ಇದೇ ಪುರಸ್ಕಾರ ಪಡೆದ ಸಿದ್ಧಾರ್ಥ ಶರ್ಮಾ ಅವರ ‘ದಿ ಗ್ರಾಸ್‌ಹಾಪರ್ಸ್ ರನ್’ ನೋಡಿ. 1944ರ ಯುದ್ಧಕಾಲದ ನಾಗಾ ಗುಡ್ಡಗಳಲ್ಲಿ ಗೆಳೆಯನನ್ನು ಕಳೆದುಕೊಂಡ ಅಸ್ಸಾಮಿ ಹುಡುಗನೊಬ್ಬ ಕೋವಿ ಹಿಡಿದು ಕೊಂದವರ ಬೆನ್ನು ಹತ್ತುತ್ತಾನೆ. ಅಂದರೆ ಅಕಾಡೆಮಿಯೇನೂ ಬಾಗಿಲು ಹಾಕಿಕೊಂಡಿರಲಿಲ್ಲ, ನಮ್ಮವರೇ ತಟ್ಟಲಿಲ್ಲ.

ಓದಿದ್ದರಲ್ಲಿ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ರಂಜಿತ್ ಲಾಲ್ ಅವರ ‘ಫೇಸಸ್ ಇನ್ ದ ವಾಟರ್’. ಗಂಡುಮಕ್ಕಳೇ ಹುಟ್ಟುವ ಮನೆತನ ಎಂದು ಮೀಸೆ ತಿರುವುವ ಕುಟುಂಬ. ಹದಿನೈದರ ಗುರ್ಮಿಗೆ ತೋಟದ ಬಾವಿಯ ಹತ್ತಿರ ಹೋಗಬೇಡ ಎಂದು ಕಟ್ಟಪ್ಪಣೆ. ಹೋಗಿ ಇಣುಕುತ್ತಾನೆ. ನೀರಿನಲ್ಲಿ ಹುಡುಗಿಯರ ಮುಖಗಳು. ಹುಟ್ಟಿದ ಕೂಡಲೇ ಕೊಂದ ಅವನ ಸ್ವಂತ ಅಕ್ಕತಂಗಿಯರು. ಇದರಲ್ಲಿ ದಂಗಾಗಿಸುವುದು ಆ ಹುಡುಗಿಯರ ತುಂಟತನ. ಅವರು ಅಳುಮುಂಜಿ ದೆವ್ವಗಳಲ್ಲ, ಅಣ್ಣನ ಕಾಲೆಳೆಯುತ್ತಾರೆ, ನಗುತ್ತಾರೆ. ನಗುತ್ತಾ ಓದುತ್ತಿರುವಾಗಲೇ ಇವರು ಬದುಕಿಲ್ಲವಲ್ಲ ಎಂದು ನೆನಪಾಗಿ ಹೊಟ್ಟೆಯಲ್ಲಿ ಕಲ್ಲು ಬೀಳುತ್ತದೆ. ಕನ್ನಡದಲ್ಲಿ ಈ ವಸ್ತು ಸಿಕ್ಕಿದ್ದರೆ ಇಲಾಖೆಯ ಬೀದಿನಾಟಕ ಆಗುತ್ತಿತ್ತು.

ಅನಿತಾ ದೇಸಾಯಿ ಅವರ ‘ದ ವಿಲೇಜ್ ಬೈ ದ ಸೀ’ (1982) ಇಷ್ಟು ಧೈರ್ಯದ್ದಲ್ಲ. ಕುಡುಕ ಅಪ್ಪ, ಹಾಸಿಗೆ ಹಿಡಿದ ಅಮ್ಮ, ಮನೆ ತೂಗಿಸುವ ಹದಿಮೂರರ ಲೀಲಾ, ಮುಂಬಯಿಗೆ ಓಡುವ ತಮ್ಮ ಹರಿ. ಮೊದಲರ್ಧ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಪಟ್ಟಣದ ಸ್ಥಿತಿವಂತರು ಬಂದು ಕಷ್ಟವನ್ನು ಬೇಗ ಬೇಗ ತೀರಿಸಿಬಿಡುತ್ತಾರೆ, ನನಗೆ ಒಗ್ಗಲಿಲ್ಲ. ಬಶೀರರ ‘ಬಾಲ್ಯಕಾಲಸಖಿ’ಗೆ ಅಂಥ ದಯೆ ಇಲ್ಲ. 1944ರ ಆ ಪುಟ್ಟ ಕಾದಂಬರಿಯ ಮಜೀದ್, ಸುಹರಾ ಇಬ್ಬರನ್ನೂ ಬಡತನ ನಿಧಾನವಾಗಿ ಮುರಿಯುತ್ತದೆ. ಮಕ್ಕಳ ಪುಸ್ತಕ ಎಂಬ ಹಣೆಪಟ್ಟಿ ಅದಕ್ಕಿಲ್ಲ, ಬೇಕಾಗಿಯೂ ಇಲ್ಲ.

ವಸ್ತು ಎಲ್ಲಿದೆ ಎಂದು ಕೇಳುವ ಲೇಖಕರನ್ನು ಆಲೂರು–ಸಕಲೇಶಪುರದ ಬಸ್ಸು ಹತ್ತಿಸಬೇಕು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ಊರುಗಳೇ ನೀರಿಗೆ ಹೋದವು. ಶೆಟ್ಟಿಹಳ್ಳಿಯ ಇಗರ್ಜಿ ಇವತ್ತಿಗೂ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತದೆ. ನಮ್ಮ ಹುಡುಗರಿಗೆ ಅದು ಸೆಲ್ಫಿ ತೆಗೆಯುವ ಜಾಗ. ಅಜ್ಜಿಯ ಊರು ಅದರಡಿ ಇತ್ತೆಂಬುದನ್ನು ಅವರಿಗೆ ಕತೆಯಾಗಿ ಯಾರೂ ಹೇಳಿಲ್ಲ. ಆನೆಗಳದು ಇನ್ನೊಂದು. 2012ರಲ್ಲಿ ಹೈಕೋರ್ಟ್ ನೇಮಿಸಿದ ಕಾರ್ಯಪಡೆ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಹೇಳಿತು, 22 ಆನೆಗಳನ್ನು ಹಿಡಿದರು. ಆನೆಗಳು ಮುಗಿಯಲಿಲ್ಲ, ಮತ್ತೆ ಬಂದವು. 2023ರ ಡಿಸೆಂಬರಿನಲ್ಲಿ ಎಂಟು ಸಲ ಅಂಬಾರಿ ಹೊತ್ತಿದ್ದ ಅರ್ಜುನ ಯಸಳೂರಿನ ಕಾಡಿನಲ್ಲಿ ಒಂಟಿಸಲಗದ ಜೊತೆ ಕಾದಾಡಿ ಸತ್ತ. ಆನೆ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಿಕೊಂಡು ಟ್ಯೂಷನ್ನಿಗೆ ಹೊರಡುವ ಮಕ್ಕಳು ಇಲ್ಲಿದ್ದಾರೆ. ಕಾಫಿ ತೋಟದ ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಹುಡುಗಿ ಕನ್ನಡ ಅಕ್ಷರ ತಿದ್ದುತ್ತಿದ್ದಾಳೆ. ತೋಟದ ಸಾಹುಕಾರರ ಮಗನೂ ಆಳಿನ ಮಗನೂ ಒಂದೇ ಬೆಂಚಿನಲ್ಲಿ ಕೂತು, ಊಟದ ಹೊತ್ತಿಗೆ ಬೇರೆಯಾಗುವುದಿದೆ. ಇಷ್ಟಾದರೂ ನಮ್ಮ ಶಿಶುಗೀತೆಯ ಆನೆ ಇನ್ನೂ ಬಾಳೆಹಣ್ಣು ತಿಂದುಕೊಂಡು ಮೆರವಣಿಗೆ ಹೋಗುತ್ತಿದೆ.

ಮೊಬೈಲು ಓದನ್ನು ಕೊಂದಿತು ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಬಸ್ಸಿನಲ್ಲಿ ಕಾಲೇಜು ಹುಡುಗಿಯರ ಪಕ್ಕ ಕೂತರೆ ಗೊತ್ತಾಗುತ್ತದೆ, ಅವರು ಪ್ರತಿಲಿಪಿಯಲ್ಲಿ ಕಂತು ಕಂತಾಗಿ ಕನ್ನಡವನ್ನೇ ಓದುತ್ತಿರುತ್ತಾರೆ. ಒತ್ತಾಯದ ಮದುವೆ, ಸಿಡುಕು ಮುಖದ ಶ್ರೀಮಂತ ಗಂಡ, ನೂರನೇ ಕಂತಿಗೆ ಪ್ರೀತಿ. ಹೊಡೆಯುವವನೇ ಪ್ರೀತಿಸುವವನು ಎಂದು ಕಲಿಸುವ ಕತೆಗಳೂ ಅಲ್ಲಿವೆ, ಅದು ನನಗೆ ಹೆದರಿಕೆ ಹುಟ್ಟಿಸುತ್ತದೆ. ಆದರೆ ಆ ಜಾಗವನ್ನು ಖಾಲಿ ಬಿಟ್ಟವರು ನಾವು. ಹಿಂದೆ ಅದೇ ವಯಸ್ಸಿನವರು ತ್ರಿವೇಣಿಯವರನ್ನು, ಎಂ. ಕೆ. ಇಂದಿರಾ ಅವರನ್ನು, ವಾರಪತ್ರಿಕೆಗಳ ಧಾರಾವಾಹಿಗಳನ್ನು ಮುಗಿಬಿದ್ದು ಓದಿದಾಗ ಅಡುಗೆಮನೆ ಸಾಹಿತ್ಯ ಎಂದು ನಕ್ಕವರೂ ನಾವೇ.

ತಂದೆತಾಯಿ ಜಗಳಕ್ಕೆ ಬರುತ್ತಾರೆ, ಪ್ರೇಮದ ಪುಸ್ತಕ ಕೊಟ್ಟರೆ ಹುಡುಗಿ ಹಾಳಾಗುತ್ತಾಳೆ ಎಂದು ಮೇಷ್ಟ್ರುಗಳು ನನಗೆ ಹೇಳಿದ್ದಾರೆ. ಪುಸ್ತಕ ಕೊಡದ ಊರುಗಳಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೇ ಗೊತ್ತಿದೆ. ಹದಿನಾರಕ್ಕೆ ಗುಟ್ಟಾಗಿ ಮದುವೆ ಮಾಡಿ ಕಳಿಸಿದ ವಿದ್ಯಾರ್ಥಿನಿಯ ಜಾಗ ಹಾಜರಿ ಪುಸ್ತಕದಲ್ಲಿ ಖಾಲಿ ಇರುತ್ತದೆ. ಅವಳೇನೂ ಕಾದಂಬರಿ ಓದಿ ಹಾಳಾದವಳಲ್ಲ.

2020ರಲ್ಲಿ ಶುರುವಾದ ‘ಓದುವ ಬೆಳಕು’ ಯೋಜನೆಯಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ. ರಾಜ್ಯದಲ್ಲಿ ಅಂಥವು ಐದು ಸಾವಿರಕ್ಕೂ ಹೆಚ್ಚಿವೆ. ಪ್ರಕಾಶಕರೇ, ನೂರೈವತ್ತು ಪುಟದ ಒಂದೊಂದು ಕಾದಂಬರಿಗೆ ಇದಕ್ಕಿಂತ ದೊಡ್ಡ ಮಾರುಕಟ್ಟೆ ನಿಮಗೆ ಎಲ್ಲಿ ಸಿಗುತ್ತದೆ? ಧಾರವಾಡದ ಬಾಲವಿಕಾಸ ಅಕಾಡೆಮಿಗೂ ಒಂದು ಮಾತು. ಮುಂದಿನ ಸಲ ಪುಸ್ತಕ ಆರಿಸುವ ಸಮಿತಿಯಲ್ಲಿ ನಿವೃತ್ತರ ಜೊತೆ ಇಬ್ಬರು ಪಿಯುಸಿ ವಿದ್ಯಾರ್ಥಿಗಳನ್ನೂ ಕೂರಿಸಿ. ಅವರು ಹತ್ತನೇ ಪುಟಕ್ಕೆ ಮುಚ್ಚಿಟ್ಟ ಪುಸ್ತಕಗಳ ಪಟ್ಟಿಯನ್ನೂ ಪ್ರಕಟಿಸಿ.