ನೋಡೋಕೇನೂ ಇಲ್ಲದ ಊರಲ್ಲಿ ಎರಡು ದಿನ

‘ಅಲ್ಲಿ ನೋಡೋಕೆ ಏನಿದೆ?’

ಮಲೇಷ್ಯಾದ ತೈಪಿಂಗ್‌ಗೆ ಹೋಗಿದ್ದೆ ಎಂದಾಗಲೆಲ್ಲ ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದು. ಬ್ಯಾಂಕಾಕ್, ಬಾಲಿ, ಸಿಂಗಪುರ ಎಂದರೆ ಯಾರೂ ಹೀಗೆ ಕೇಳುವುದಿಲ್ಲ. ಅಲ್ಲಿ ಏನಿದೆ ಎನ್ನುವುದನ್ನು ರೀಲ್ಸ್‌ಗಳು ಮೊದಲೇ ಹೇಳಿಬಿಟ್ಟಿರುತ್ತವೆ. ಹೋಗಿ, ಅದೇ ಜಾಗದಲ್ಲಿ ನಿಂತು, ಅದೇ ಫೋಟೊ ತೆಗೆಸಿಕೊಂಡು ಬರುವುದಷ್ಟೇ ಬಾಕಿ. ಓದುವ ವಯಸ್ಸಿನಲ್ಲಿ ಹೊರದೇಶ ನೋಡುವ ಅವಕಾಶ ಸಿಕ್ಕರೆ ಎರಡು ದಿನವನ್ನಾದರೂ ಇಂಥ ಸದ್ದಿಲ್ಲದ ಊರಿಗೆ ಕೊಡಬೇಕು ಎನ್ನುವುದು ನನ್ನ ವಾದ.

ಸೆಮಿಸ್ಟರ್ ರಜೆಯಲ್ಲಿ ಪೆನಾಂಗ್‌ನಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. 2023ರ ಡಿಸೆಂಬರ್‌ನಿಂದ ಮಲೇಷ್ಯಾ ಭಾರತೀಯರಿಗೆ 30 ದಿನಗಳವರೆಗಿನ ಭೇಟಿಗೆ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿರುವುದರಿಂದ ಅಷ್ಟರಮಟ್ಟಿಗೆ ಓಡಾಟ ತಪ್ಪಿತು. ಪೆನಾಂಗ್ ದ್ವೀಪದಿಂದ ಫೆರಿಯಲ್ಲಿ ಬಟರ್‌ವರ್ತ್‌ಗೆ ದಾಟಿ ರೈಲು ಹತ್ತಿದರೆ, ಬೆಳಗಿನ ತಿಂಡಿ ಅರಗುವುದರೊಳಗೆ ತೈಪಿಂಗ್ ಬರುತ್ತದೆ.

ಒಂದು ಕಾಲಕ್ಕೆ ಇದು ಗದ್ದಲದ ಊರೇ ಆಗಿತ್ತು. ಇಲ್ಲಿನ ತವರದ ಗಣಿಗಳಿಗಾಗಿ ಎರಡು ಚೀನೀ ಗುಂಪುಗಳು ವರ್ಷಗಟ್ಟಲೆ ಹೊಡೆದಾಡಿದವು. 1874ರಲ್ಲಿ ಜಗಳ ನಿಂತ ಮೇಲೆ ಬಂದ ಹೆಸರು ತೈಪಿಂಗ್. ಚೀನೀ ಭಾಷೆಯಲ್ಲಿ ‘ಮಹಾಶಾಂತಿ’ ಎಂದರ್ಥ. ದೇಶದ ಮೊದಲ ಮ್ಯೂಸಿಯಂ ಶುರುವಾದದ್ದು ಇಲ್ಲಿ, 1883ರಲ್ಲಿ. ಮೊದಲ ರೈಲು ಓಡಿದ್ದೂ ಇಲ್ಲಿಂದಲೇ, 1885ರಲ್ಲಿ. ತವರವನ್ನು ಬಂದರಿಗೆ ಸಾಗಿಸಲು ಹಾಕಿದ ಆ ಹಳಿಯ ಉದ್ದ ಬರೀ 13 ಕಿಲೋಮೀಟರ್. ಪೆರಾಕ್ ರಾಜ್ಯದ ರಾಜಧಾನಿಯೂ ಆಗಿದ್ದ ಊರಿದು. 1937ರಲ್ಲಿ ಆ ಪಟ್ಟ ಇಪೋ ನಗರಕ್ಕೆ ಹೋಯಿತು. ಉಳಿದದ್ದು ಹಳೆಯ ಅಂಗಡಿ ಸಾಲುಗಳು, ಅವಸರವಿಲ್ಲದ ಜನ, ಒಂದು ದೊಡ್ಡ ಕೆರೆ.

ಎರಡು ದಿನ ನಾನು ಮಾಡಿದ್ದೂ ಅಷ್ಟೇ. ಬೆಳಿಗ್ಗೆ ಕೆರೆಯ ಸುತ್ತ ನಡಿಗೆ. ದಡದುದ್ದಕ್ಕೂ ನೂರು ವರ್ಷ ದಾಟಿದ ಮಳೆಮರಗಳು; ನಮ್ಮ ಬೆಂಗಳೂರಿನ ಹಳೆಯ ರಸ್ತೆಗಳ ಮೇಲೆ ಚಪ್ಪರ ಹಾಕಿರುವ ಮರಗಳೇ ಇವು. ಇಲ್ಲಿ ಕೊಂಬೆಗಳು ರಸ್ತೆ ದಾಟಿ ನೀರಿನವರೆಗೂ ಬಾಗಿವೆ. ಆಮೇಲೆ ರೋಟಿ ಚನಾಯ್ ಮತ್ತು ಬೇಳೆಸಾರು. ಹೆಸರು ಬೇರೆಯಾದರೂ ಬಾಯಿಗಿಟ್ಟರೆ ನಮ್ಮ ಪರೋಟದ ನೆಂಟ ಎಂದು ಗೊತ್ತಾಗುತ್ತದೆ. ಮಧ್ಯಾಹ್ನ ಮ್ಯೂಸಿಯಂ. ಅಷ್ಟರಲ್ಲಿ ಮಳೆ.

ಮಲೇಷ್ಯಾದಲ್ಲಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ತೈಪಿಂಗ್ ಒಂದು. ಚಹಾ ಅಂಗಡಿಯಲ್ಲಿ ಎದುರು ಕುಳಿತಿದ್ದ ತಮಿಳು ಹಿರಿಯರು, ‘ಇವತ್ತು ಮಳೆ ಎಷ್ಟು ಗಂಟೆಗೆ ಬರುತ್ತೆ ಅಂತ ಇಲ್ಲಿ ಹಿಂದೆ ಬಾಜಿ ಕಟ್ಟುತ್ತಿದ್ದರು ತಂಬಿ’ ಎಂದು ನಕ್ಕರು. ಆ ಕೆರೆ ಮೊದಲು ತವರದ ಗಣಿಯ ಗುಂಡಿಯಾಗಿತ್ತು ಎಂದವರೂ ಅವರೇ. ಅಗೆದು ಬಿಟ್ಟ ನೆಲವನ್ನು 1880ರ ದಶಕದಲ್ಲೇ ಕೆರೆ, ಉದ್ಯಾನವಾಗಿ ಮಾಡಿ ಊರಿಗೆ ಬಿಟ್ಟುಕೊಟ್ಟಿದ್ದರು.

ಮಳೆ ನಿಲ್ಲುವವರೆಗೆ ನನಗೆ ಹೋಗಬೇಕಾದ ಜಾಗವೇ ಇರಲಿಲ್ಲ. ಕುಳಿತಲ್ಲೇ ನೆನಪಾದದ್ದು ನಮ್ಮ ಕೆಜಿಎಫ್. ಅಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ. ಸೈನೈಡ್ ದಿಬ್ಬಗಳು ಇನ್ನೂ ಊರಿನ ಮಗ್ಗುಲಲ್ಲೇ ಇವೆ. ಆಳದ ಚಿನ್ನದ ಗಣಿಗೂ ಮೇಲ್ಮಟ್ಟದ ತವರದ ಗುಂಡಿಗೂ ನೇರ ಹೋಲಿಕೆ ಸರಿಯಲ್ಲ, ನಿಜ. ಆದರೆ ಕೆಲಸ ಮುಗಿದ ಮೇಲೆ ಆ ನೆಲವನ್ನು ಏನು ಮಾಡಬೇಕು ಎನ್ನುವುದೂ ಎಂಜಿನಿಯರ್‌ನ ಪ್ರಶ್ನೆಯೇ ಅಲ್ಲವೇ? ಬಿಇ ತರಗತಿಯಲ್ಲಿ ನನ್ನ ತಲೆಗೆ ಬಾರದ ಈ ಪ್ರಶ್ನೆ ಬಂದದ್ದು ಸುಮ್ಮನೆ ಕುಳಿತಿದ್ದಾಗ. ಐದು ದಿನದಲ್ಲಿ ನಾಲ್ಕು ಊರು ತೋರಿಸುವ ಪ್ಯಾಕೇಜ್‌ನಲ್ಲಿದ್ದಿದ್ದರೆ ಗೈಡ್ ಅಷ್ಟರಲ್ಲಿ ಬಸ್ ಹತ್ತಿ ಎನ್ನುತ್ತಿದ್ದ.

‘ವಿಮಾನಕ್ಕೆ ಅಷ್ಟು ದುಡ್ಡು ಕೊಟ್ಟು ಹೋಗಿ ಸುಮ್ಮನೆ ಕೂರೋದಾ?’ ಎಂದು ಕೇಳಬಹುದು. ಮಧ್ಯಮ ವರ್ಗದ ಮನೆಗಳಲ್ಲಿ ಈ ಪ್ರಶ್ನೆಗೆ ತೂಕವಿದೆ. ಖರ್ಚು ಮಾಡಿದ ಮೇಲೆ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಸಹಜ. ಆದರೆ ಬೆಳಗಿನಿಂದ ರಾತ್ರಿವರೆಗೆ ಓಡಿದವನಿಗೆ ಆಮೇಲೆ ಊರುಗಳ ಹೆಸರು ನೆನಪಿರುತ್ತದೆ, ಊರು ನೆನಪಿರುವುದಿಲ್ಲ. ಮೇಲಾಗಿ, ಇಂಥ ಊರಲ್ಲಿ ಖರ್ಚೂ ಕಡಿಮೆ. ಕೆರೆಗೆ ಟಿಕೆಟ್ ಇಲ್ಲ.

ನಮ್ಮ ತಲೆಮಾರಿಗೆ ಬಿಡುವೆಂದರೆ ಒಂಥರಾ ಭಯ. ಪ್ಲೇಸ್‌ಮೆಂಟ್ ಬಂತು, ಕೋಡಿಂಗ್ ಟೆಸ್ಟ್ ಬಂತು, ಸರ್ಟಿಫಿಕೇಟ್ ಕೋರ್ಸ್ ಮುಗಿದಿಲ್ಲ. ಕೆಲಸ ಹುಡುಕುತ್ತಿರುವವರಿಗಂತೂ ಖಾಲಿ ಕುಳಿತ ಗಂಟೆಯೆಲ್ಲ ತಪ್ಪು ಮಾಡಿದಂತೆ. ಪ್ರವಾಸಕ್ಕೂ ಅದೇ ಟಾರ್ಗೆಟ್ ಹೊತ್ತುಕೊಂಡು ಹೋದರೆ ಅದು ಇನ್ನೊಂದು ಅಸೈನ್‌ಮೆಂಟ್. ನೋಡಲೇಬೇಕಾದದ್ದು ಏನೂ ಇಲ್ಲದ ಊರಲ್ಲಿ ಮಾತ್ರ ಕಣ್ಣಿಗೆ ಬಿದ್ದದ್ದನ್ನು ನೋಡುವ ಸ್ವಾತಂತ್ರ್ಯ ಸಿಗುತ್ತದೆ.

ಮಲೇಷ್ಯಾಕ್ಕೆ ಹೊರಟವರು ಸಾಮಾನ್ಯವಾಗಿ ಕ್ವಾಲಾಲಂಪುರ, ಪೆನಾಂಗ್ ಎರಡನ್ನೂ ಪಟ್ಟಿಯಲ್ಲಿಟ್ಟುಕೊಂಡಿರುತ್ತಾರೆ. ಇವೆರಡರ ನಡುವಿನ ರೈಲುಹಾದಿಯಲ್ಲೇ ತೈಪಿಂಗ್ ಇದೆ. ಒಮ್ಮೆ ಇಳಿದು ನೋಡಿ. ಕೊಡೆ ಮಾತ್ರ ಮರೆಯಬೇಡಿ.