ಹೆಣ್ಣುಮರಿಗೂ ಮನೆ ಸಿಗುವವರೆಗೆ ಕ್ರಾಸ್ ಬೇಡ

ಕಡೂರು, ತರೀಕೆರೆ, ಅಜ್ಜಂಪುರದ ತೋಟದ ಮನೆಗಳಲ್ಲಿ ಈಗ ಮುಧೋಳ ನಾಯಿ ಸಾಕುವ ಆಸೆ ಜೋರಾಗಿದೆ. 2016ರಲ್ಲಿ ಸೇನೆಯವರು ಈ ತಳಿಯ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಇದರ ಹೆಸರು ಹೇಳಿದರು. ನಮ್ಮ ನೆಲದ ನಾಯಿಗೆ ಸಿಕ್ಕ ಈ ಗೌರವ ನನಗೂ ಖುಷಿ ಕೊಟ್ಟಿದೆ. ಆದರೆ ಹೆಣ್ಣು ನಾಯಿ ಸಾಕಿದವರ ಮನೆಗೆ ಅದರ ಬೆನ್ನಿಗೇ ಒಂದು ಒತ್ತಾಯವೂ ಬಂದಿದೆ: ‘ಒಂದು ಸಲ ಮರಿ ಹಾಕಿಸಿ, ನಮಗೂ ಒಂದು ಕೊಡಿ.’ ಬಹುಪಾಲು ಮನೆಯವರು ಈ ಮಾತಿಗೆ ಇಲ್ಲ ಎನ್ನಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಇಲ್ಲ ಎಂದಿದ್ದೇನೆ.

ಶಿವನಿ ಹೋಬಳಿಯ ನಮ್ಮ ಅಡಿಕೆ ತೋಟದಲ್ಲಿ ಚುಕ್ಕಿ ಇದ್ದಾಳೆ. ಮೂರು ತುಂಬಿದ ಮುಧೋಳ ಹೆಣ್ಣು. ಉದ್ದ ಮೂತಿ, ಒಳಗೆ ಎಳೆದುಕೊಂಡ ಹೊಟ್ಟೆ, ಓಟಕ್ಕೆಂದೇ ಹುಟ್ಟಿದ ಕಾಲುಗಳು. ಅವಳು ಬೆದೆಗೆ ಬಂದಾಗಲೆಲ್ಲ ನನ್ನ ಓರಗಿತ್ತಿ, ‘ಅಕ್ಕಾ, ಅದೂ ಹೆಣ್ಣು ಜೀವ ಅಲ್ವಾ? ಒಂದು ಸೂಲಾದ್ರೂ ಆಗ್ಲಿ, ಇಲ್ದಿದ್ರೆ ಮೈಗೆ ಒಳ್ಳೇದಲ್ಲ’ ಎನ್ನುತ್ತಿದ್ದಳು. ನಮ್ಮ ಊರುಗಳಲ್ಲಿ ಬಹಳ ಜನ ಹೀಗೇ ನಂಬಿದ್ದಾರೆ. ಪಶುವೈದ್ಯರನ್ನು ಕೇಳಿದರೆ ಉತ್ತರ ಬೇರೆಯೇ. ಆರೋಗ್ಯಕ್ಕಾಗಿ ನಾಯಿ ಒಂದು ಸಲವಾದರೂ ಮರಿ ಹಾಕಬೇಕೆಂಬುದಕ್ಕೆ ಆಧಾರವಿಲ್ಲ. ಸಂತಾನಹರಣದ ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಭಯ, ಮೊಲೆಗಳಲ್ಲಿ ಗಡ್ಡೆ ಏಳುವ ಭಯ ಹೆಚ್ಚು. ಕೀವಿನ ಕಾಯಿಲೆ ತಡವಾಗಿ ತಿಳಿದರೆ ಪ್ರಾಣವೇ ಹೋಗುತ್ತದೆ.

ಮರಿ ಬೇಕೆಂದು ಬಂದವರನ್ನೆಲ್ಲ ನಾನು ಕೇಳಿದ್ದು ಒಂದೇ: ‘ಹೆಣ್ಣುಮರಿ ಆದ್ರೆ ತಗೊಂಡು ಹೋಗ್ತೀರಾ?’ ಅಲ್ಲಿಗೆ ಮಾತು ನಿಲ್ಲುತ್ತಿತ್ತು. ‘ಗಂಡೇ ಬೇಕು ಅಕ್ಕಾ, ಹೆಣ್ಣು ಸಾಕಿದ್ರೆ ಬೀದಿ ನಾಯಿಗಳ ಕಾಟ’ ಎಂದು ಹೇಳಿ ಎದ್ದು ಹೋದವರೇ ಹೆಚ್ಚು. ಒಂದು ಸೂಲಿಗೆ ಆರೇಳು ಮರಿ ಹುಟ್ಟಿದರೆ ಹೆಚ್ಚುಕಮ್ಮಿ ಅರ್ಧ ಹೆಣ್ಣೇ ಇರುತ್ತವೆ. ಗಂಡುಮರಿಗಳಿಗೆ ಮುಂಗಡ ಕೊಡುವವರಿದ್ದಾರೆ, ಉಳಿದವುಗಳ ಪಾಡೇನು?

ಪಾಡು ಏನೆಂದು ಕೆರೆ ಏರಿಯ ಮೇಲೆ, ಸಂತೆ ಮಾಳದ ಮೂಲೆಯಲ್ಲಿ, ಕಾವಲಿನ ಅಂಚಿನಲ್ಲಿ ನಡೆದಾಡುವವರಿಗೆಲ್ಲ ಗೊತ್ತು. ಹಿಂಡಿಯ ಖಾಲಿ ಚೀಲವೊಂದು ಬೇಲಿಯ ಬುಡದಲ್ಲಿ ಅಲುಗಾಡುತ್ತಿರುವುದನ್ನು ನಾನು ಕಂಡಿದ್ದೇನೆ. ಬಾಯಿಗೆ ಕಟ್ಟಿದ್ದ ಸುತಲಿ ಬಿಚ್ಚಿದರೆ ಒಳಗೆ ಇನ್ನೂ ಕಣ್ಣು ಬಿಡದ ಮರಿಗಳು. ಹೊಕ್ಕುಳಲ್ಲಿ ಬಳ್ಳಿಯ ಒಣಗಿದ ತುಂಡು ಹಾಗೇ ಇತ್ತು. ಎಲ್ಲವೂ ಹೆಣ್ಣು. ಮೂರು ವಾರ ತುಂಬದ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿಯಿಂದ ದೂರ ಮಾಡಿದರೆ ಹಸಿವಿಗಿಂತ ಮೊದಲು ಚಳಿಯೇ ಕೊಲ್ಲುತ್ತದೆ.

ಸ್ವಲ್ಪ ಬೆಳೆಸಿ ಬಿಟ್ಟವು ಬದುಕಿಕೊಂಡರೆ ಕಷ್ಟ ಬೇರೆಯವರ ಪಾಲಿಗೆ ಬರುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಆ ಹುಲ್ಲುಗಾವಲು ಕೃಷ್ಣಮೃಗಗಳ ಆಸರೆ. ಹುಟ್ಟಿದ ಮೊದಲ ದಿನಗಳಲ್ಲಿ ಕೃಷ್ಣಮೃಗದ ಮರಿ ಓಡುವುದಿಲ್ಲ, ಹುಲ್ಲಿನಲ್ಲಿ ಅಲ್ಲಾಡದೆ ಮಲಗಿರುತ್ತದೆ. ನಾಯಿಯ ಮೂಗಿನಿಂದ ಅದಕ್ಕೆ ರಕ್ಷಣೆ ಎಲ್ಲಿಯದು? ಅದರಲ್ಲೂ ಮುಧೋಳದ ರಕ್ತವಿರುವ ನಾಯಿ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ಕುರಿಗಾಹಿಗಳ ಮಂದೆಗೂ ಇದೇ ಕಾಟ. ಹುಚ್ಚುನಾಯಿ ರೋಗದ ಭಯ ನಮ್ಮ ಮಕ್ಕಳಿಗೂ ಇದೆ.

ತಳಿ ಬೆಳೆಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದನ್ನು ಹೊಣೆಯಿಂದ ಮಾಡುವುದು ಹೇಗೆಂದು ನೋಡಲು ನಾವು ದೂರ ಹೋಗಬೇಕಿಲ್ಲ, ಅಜ್ಜಂಪುರದಲ್ಲೇ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದ ಈ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಬ್ರಿಟಿಷರ ಆಡಳಿತದಲ್ಲಿ 1860ರಲ್ಲಿ ಖರ್ಚಿನ ನೆಪದಿಂದ ಹಿಂಡುಗಳನ್ನು ಮಾರಿ ಚದುರಿಸಿದರು. ಸೇನೆಗೆ ಎಳೆಯುವ ಎತ್ತುಗಳು ಸಿಗದಂತಾದಾಗ 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. ಮೇಯಲು ಕಾವಲು, ಹೋರಿಯ ಆಯ್ಕೆ, ಹುಟ್ಟಿದ ಕರುವಿನ ದಾಖಲೆ, ಇವೆಲ್ಲ ಇದ್ದುದರಿಂದಲೇ ತಳಿ ಉಳಿದಿದೆ. ಮುಧೋಳ ನಾಯಿಯ ಕಥೆಯೂ ಬೇರೆಯಲ್ಲ. ಅದನ್ನು ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಆಸಕ್ತಿಯಿಂದ ಬೆಳೆಸಿದರು, ಇಂದು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಆ ಕೆಲಸ ಮಾಡುತ್ತಿದೆ. ತಂದೆ ಯಾರು, ಅಜ್ಜ ಯಾರು ಎಂದು ತಿಳಿಯದ ಎರಡು ನಾಯಿಗಳನ್ನು ಹಿತ್ತಲಲ್ಲಿ ಕೂಡಿಸಿದರೆ ತಳಿ ಉಳಿಯುವುದಿಲ್ಲ. ಒಂದೇ ರಕ್ತದವು ಕೂಡಿದರೆ ಬಲಹೀನ ಮರಿಗಳು ಹುಟ್ಟುತ್ತವೆ.

ಕಾನೂನೂ ಸುಮ್ಮನಿಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣು ನಾಯಿಗೆ ಕನಿಷ್ಠ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದು ಸೂಲಿಗಿಂತ ಹೆಚ್ಚು ಕೂಡದು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ನಮ್ಮಲ್ಲಿ ತಿಂಗಳ ಮರಿಯನ್ನೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸುತ್ತಾರೆ. ಲಸಿಕೆ ಬಿದ್ದಿರುವುದಿಲ್ಲ. ಪಾರ್ವೊ ಬಂದರೆ ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲಿ ಸಾಯುತ್ತದೆ.

ಹಾಗಾದರೆ ಮರಿ ಹಾಕಿಸಬಹುದಾದವರು ಯಾರು? ತಂದೆ ತಾಯಿ ಎರಡೂ ನಾಯಿಗಳ ವಂಶ ಗೊತ್ತಿರುವವರು, ಎರಡನ್ನೂ ವೈದ್ಯರಿಗೆ ತೋರಿಸಿದವರು. ಗರ್ಭದ ಒಂಬತ್ತು ವಾರ, ಆಮೇಲಿನ ಎಂಟು ವಾರ ಮನೆಯಲ್ಲೇ ಇದ್ದು ನೋಡಿಕೊಳ್ಳಬಲ್ಲವರು. ರಾತ್ರಿ ಮರಿ ಅಡ್ಡ ಸಿಕ್ಕಿಕೊಂಡರೆ ಸಿಸೇರಿಯನ್‌ಗೆ ಶಿವಮೊಗ್ಗಕ್ಕೋ ದಾವಣಗೆರೆಗೋ ಒಯ್ಯಲು ವಾಹನ, ಹಣ ಇರುವವರು. ಕೊನೆಯದಾಗಿ, ಕೊಟ್ಟ ಮರಿ ಯಾರಿಗಾದರೂ ಬೇಡವಾದರೆ ಎಂದಾದರೂ ವಾಪಸ್ ತೆಗೆದುಕೊಳ್ಳುವವರು. ಇಷ್ಟೂ ಇದ್ದವರಿಗೆ ನನ್ನ ತಕರಾರಿಲ್ಲ. ನಮ್ಮ ಮನೆಯಲ್ಲಿ ಇಷ್ಟೂ ಇರಲಿಲ್ಲ, ಚುಕ್ಕಿಗೆ ಆಪರೇಷನ್ ಮಾಡಿಸಿದೆವು. ಹತ್ತನೆಯ ದಿನ ಹೊಲಿಗೆ ಬಿಚ್ಚಿದರು. ಈಗಲೂ ತೋಟದ ಉದ್ದಕ್ಕೂ ಹಾಗೆಯೇ ಓಡುತ್ತಾಳೆ.

ಪಶುಪಾಲನಾ ಇಲಾಖೆಯಲ್ಲಿ ನನ್ನದೊಂದು ಕೋರಿಕೆ: ಕಡೂರು, ತರೀಕೆರೆ, ಅಜ್ಜಂಪುರದ ಪಶು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಸಾಕುನಾಯಿಗಳ ಆಪರೇಷನ್‌ಗೆಂದೇ ಮೀಸಲಿಡಿ, ದಿನಾಂಕವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಸಿ. ಓದುಗರಲ್ಲಿ ಇನ್ನೊಂದು: ನಾಯಿಯನ್ನು ಕ್ರಾಸ್‌ಗೆ ಒಯ್ಯುವ ಮುನ್ನ ಮೂರು ಹೆಣ್ಣುಮರಿಗಳನ್ನು ಒಯ್ಯುವ ಮೂರು ಮನೆಗಳ ಹೆಸರನ್ನು ಕಾಗದದ ಮೇಲೆ ಬರೆಯಿರಿ. ಬರೆಯಲಾಗದಿದ್ದರೆ ಒಯ್ಯಬೇಡಿ.