ಸೀಟು ಸಿಗ್ತದೋ ಇಲ್ಲೋ: ಲೆಕ್ಕ ನಮ್ಮ ಕೈಯಾಗಿರಲಿ



ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದ ವಾರ ನಮ್ಮ ಹಾಸ್ಟೆಲುಗಳಲ್ಲಿ ಒಂದೇ ಮಾತು. ಊಟದ ಸಾಲಿನಲ್ಲಿ, ನಳದ ಹತ್ತಿರ, ದೀಪ ಆರಿಸಿದ ಮೇಲೂ ಅದೇ ಮಾತು: "ನನ್ನ ರ‍್ಯಾಂಕಿಗೆ ಸೀಟು ಸಿಗ್ತದೋ ಇಲ್ಲೋ?" ಹೊನವಾಡದಿಂದ ಬಂದು ವಿಜಯಪುರದ ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ನಮ್ಮನ್ನೂ ಇದನ್ನೇ ಕೇಳಿದ. "ಅಣ್ಣಾ, ಎಂಜಿನಿಯರಿಂಗ್ ಎಲ್ಲೆರೆ ಸಿಗ್ತದೇನ್ರಿ? ಇಲ್ಲಂದ್ರ ಅಪ್ಪನ ಜೋಡಿ ಕಬ್ಬು ಕಡಿಯಾಕ ಹೋಗ್ತೀನಿ." ಅವನ ಅವ್ವ ತಿಕೋಟಾ ಕಡೆ ದ್ರಾಕ್ಷಿ ತೋಟದಾಗ ಕೂಲಿ, ಆಮೇಲೆ ಮಣೂಕದ ಶೆಡ್ಡಿನಾಗ ಕೂಲಿ. ಒಂದು ಮನೆ ಕೂಲಿಯಿಂದ ಆಚೆ ಕಾಲಿಡುತ್ತದೋ ಇಲ್ಲವೋ ಎಂಬುದು ಅವನ ಪ್ರಶ್ನೆಯೊಳಗೆ ಇತ್ತು.

ಅವನಿಗೆ ಆಗಲೇ ಎರಡು ಉತ್ತರ ಸಿಕ್ಕಿದ್ದವು. ಒಬ್ಬರು, "ಈ ರ‍್ಯಾಂಕಿಗೆ ಯಾರು ಕೊಡ್ತಾರೋ ತಮ್ಮಾ, ಸುಮ್ಮ ಬಿಎ ಸೇರು" ಅಂದಿದ್ದರು. ಇನ್ನೊಬ್ಬರು, "ನಿಮಗೇನಪ್ಪಾ, ಸರ್ಕಾರದ ಅಳಿಯಂದಿರು, ಹಂಗss ಸಿಗ್ತದ" ಅಂದಿದ್ದರು. ಎರಡೂ ಸುಳ್ಳು. ಮೊದಲನೆಯ ಸುಳ್ಳು ಹುಡುಗನ ಕಾಲು ಮುರಿಯುತ್ತದೆ. ಎರಡನೆಯ ಸುಳ್ಳು ಅವನ ಮಾನ ಕಳೆಯುತ್ತದೆ, ಜೊತೆಗೆ ಅವನನ್ನು ಮೈಮರೆಸಿ ಕೂರಿಸುತ್ತದೆ. ಇವರಿಬ್ಬರಲ್ಲಿ ಒಬ್ಬರೂ ಅವನ ಜೊತೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಲಿಲ್ಲ. ಆ ಲೆಕ್ಕವನ್ನು ಈ ಸಲ ನಾವು ಹಾಕೋಣ.

ಅದಕ್ಕೂ ಮೊದಲು ಒಂದಿಷ್ಟು ಹಿಂದಿನ ಕಥೆ. ಎಂಜಿನಿಯರಿಂಗ್ ಸೀಟು ಯಾರಿಗೆ ಎಂಬ ಜಗಳ ಇಂದಿನದಲ್ಲ. 1951ರಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಚಂಪಕಂ ದೊರೈರಾಜನ್ ಪ್ರಕರಣದ ತೀರ್ಪು ಕೊಟ್ಟಿತು. ಅದರ ಜೊತೆಗೇ ಎಂಜಿನಿಯರಿಂಗ್ ಸೀಟು ಬೇಡಿದ ಒಬ್ಬನ ಅರ್ಜಿಯೂ ಇತ್ತು. ಆ ತೀರ್ಪಿನ ಮೇಲೆ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು, 15(4)ನೇ ವಿಧಿ ಹುಟ್ಟಿತು. ನಮ್ಮದೇ ಮೈಸೂರು ರಾಜ್ಯ 1962ರಲ್ಲಿ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊರಡಿಸಿದ ಮೀಸಲಾತಿ ಆದೇಶವನ್ನು ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಅದೇ ಕೋರ್ಟು ರದ್ದು ಮಾಡಿತು. ಆ ಆದೇಶದಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3 ಇತ್ತು. 2022ರಲ್ಲಿ ಅದನ್ನು 17 ಮತ್ತು 7ಕ್ಕೆ ಏರಿಸುವ ಕಾನೂನು ಬರುವ ಮುಂಚೆಯೂ ಅದೇ 15, ಅದೇ 3.

ಅದೇ ಕಾಲದಲ್ಲಿ ಸೀಟಿಗೆ ಸಂದರ್ಶನದ ಅಂಕವೂ ಸೇರುತ್ತಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚಾಸ್ಪರ್ಧೆ, ನಾಟಕ ಇವನ್ನೆಲ್ಲ ನೋಡಿ ಅಂಕ ಕೊಡುವ ಪದ್ಧತಿಯನ್ನು 1964ರಲ್ಲಿ ಚಿತ್ರಲೇಖ ಪ್ರಕರಣದಲ್ಲಿ ಕೋರ್ಟು ಎತ್ತಿಹಿಡಿಯಿತು. ದೊಡ್ಡವರ ಎದುರು ಕುರ್ಚಿಯ ಮೇಲೆ ಕೂತೇ ಗೊತ್ತಿಲ್ಲದ ಕೇರಿಯ ಹುಡುಗನ ವ್ಯಕ್ತಿತ್ವಕ್ಕೆ ಎಷ್ಟು ಅಂಕ ಬಿದ್ದಿರಬಹುದು, ನೀವೇ ಊಹಿಸಿ. ಆಮೇಲೆ ಕ್ಯಾಪಿಟೇಶನ್ನಿನ ಕಾಲ. 1984ರಲ್ಲಿ ಅದರ ವಿರುದ್ಧ ಕಾನೂನು, 1992ರಲ್ಲಿ ಮೋಹಿನಿ ಜೈನ್ ತೀರ್ಪು, 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಿಂದ ಕರ್ನಾಟಕದಲ್ಲಿ ಸಿಇಟಿ. ಇದನ್ನೆಲ್ಲ ಯಾಕೆ ಹೇಳುತ್ತೇವೆ ಅಂದರೆ, ಸೀಟು ಯಾವತ್ತೂ ಹಣೆಬರಹದಿಂದ ಬಂದಿಲ್ಲ. ನಿಯಮದಿಂದ ಬಂದಿದೆ. ನಿಯಮ ಬರೆದವರಿಗೂ ಓದಿದವರಿಗೂ ಅದು ಸಿಕ್ಕಿದೆ. ಓದದವರು ಹೊರಗೆ ನಿಂತಿದ್ದಾರೆ.

ಈಗ ಲೆಕ್ಕಕ್ಕೆ ಬರೋಣ.

ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ, ಅರ್ಧ ಸಿಇಟಿ. ಪಿಯುಸಿಯ ಭೌತ, ರಸಾಯನ, ಗಣಿತ ಸೇರಿ 300 ಅಂಕ. ಸಿಇಟಿಯ ಅದೇ ಮೂರು ವಿಷಯಕ್ಕೆ ತಲಾ 60ರಂತೆ 180 ಅಂಕ. ಒಬ್ಬನಿಗೆ ಪಿಯುಸಿಯಲ್ಲಿ 195 ಬಂತು ಅನ್ನಿ, ಅದು ಶೇ. 65, ಅದರ ಅರ್ಧ 32.5. ಸಿಇಟಿಯಲ್ಲಿ 63 ಬಂತು, ಶೇ. 35, ಅರ್ಧ 17.5. ಕೂಡಿಸಿದರೆ 50. ಈ 50ರ ಮೇಲೆ ರ‍್ಯಾಂಕು. ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ ಎಂದು ಇದರಿಂದ ತಿಳಿಯುತ್ತದೆ. ಪರಿಶಿಷ್ಟರಿಗೆ ಪಿಯುಸಿಯ ಈ ವಿಷಯಗಳಲ್ಲಿ ಶೇ. 40 ಬಂದರೆ ಅರ್ಹತೆ, ಸಾಮಾನ್ಯ ವರ್ಗಕ್ಕೆ ಶೇ. 45. ಬರೇ ಸಿಇಟಿ, ಸಿಇಟಿ ಎಂದು ಬಾಯಿಪಾಠ ಮಾಡಿ ಪಿಯುಸಿ ಬಿಟ್ಟವರೂ ಮುಳುಗಿದ್ದಾರೆ, ಪಿಯುಸಿ ನಂಬಿ ಸಿಇಟಿಗೆ ಬರಿಗೈಲಿ ಹೋದವರೂ ಮುಳುಗಿದ್ದಾರೆ.

ಇನ್ನೊಂದು ಮಾತು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ನಮ್ಮ ಹುಡುಗರು "ಗೊತ್ತಿಲ್ರಿ, ಬಿಟ್ಟು ಬಂದೆ" ಅನ್ನುತ್ತಾರೆ. ಇಪ್ಪತ್ತು ಪ್ರಶ್ನೆ ಖಾಲಿ ಬಿಟ್ಟರೆ ಸೊನ್ನೆ. ನಾಲ್ಕರಲ್ಲಿ ಒಂದನ್ನು ತುಂಬಿ ಬಂದರೆ ಸರಾಸರಿ ಐದು ಅಂಕ. ಗೊತ್ತಿಲ್ಲದ್ದನ್ನು ಮುಟ್ಟಬಾರದು ಅನ್ನುವ ಅಂಜಿಕೆ ನಮಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ. ಪರೀಕ್ಷೆ ಮಾಡುವವರೂ ದೇವರಲ್ಲ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆ ಬಂದವೆಂದು ವಿದ್ಯಾರ್ಥಿಗಳು ಗದ್ದಲ ಎಬ್ಬಿಸಿದಾಗ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಕೇಳಿದ್ದಕ್ಕೆ ಆಯಿತು. ಸುಮ್ಮನಿದ್ದರೆ ಆಗುತ್ತಿರಲಿಲ್ಲ.

ರ‍್ಯಾಂಕು ಕೈಗೆ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸಿದ ಹಿಂದಿನ ವರ್ಷಗಳ ಕಟಾಫ್ ಪಟ್ಟಿ ತೆಗೆಯಿರಿ. ನಮ್ಮವರು ಮಾಡುವ ಮೊದಲ ತಪ್ಪು ಇಲ್ಲೇ. ಜಿಎಂ ಎಂಬ ಕಾಲಂ ನೋಡಿ ಎದೆ ಒಡೆದುಕೊಳ್ಳುತ್ತಾರೆ. ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ ಎಂಬ ಕಾಲಂ ನೋಡಬೇಕು. ಎಸ್‌ಸಿಆರ್ ಅಂದರೆ ಹಳ್ಳಿಯಲ್ಲಿ ಓದಿದವರದು, ಎಸ್‌ಸಿಕೆ ಅಂದರೆ ಕನ್ನಡ ಮಾಧ್ಯಮದವರದು. ಹಾಗಂತ ಜಿಎಂ ನಮ್ಮದಲ್ಲ ಎಂದು ತಿಳಿಯಬೇಡಿ. ಒಳ್ಳೆ ರ‍್ಯಾಂಕು ಬಂದವನಿಗೆ ಸೀಟು ಜಿಎಂನಲ್ಲೇ ಸಿಗುತ್ತದೆ, ಮೀಸಲು ಸೀಟು ಇನ್ನೊಬ್ಬ ತಮ್ಮನಿಗೆ ಉಳಿಯುತ್ತದೆ. ಒಂದೇ ವರ್ಷದ ಪಟ್ಟಿ ನಂಬಬೇಡಿ, ಮೂರು ವರ್ಷದ್ದು ನೋಡಿ. 2022ರಲ್ಲಿ ಪ್ರಮಾಣ ಏರಿಸುವ ಕಾನೂನು ಬಂತು, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು, 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಆರು, ಆರು, ಐದು ಎಂದು ಹಂಚಲು ತೀರ್ಮಾನಿಸಿತು. ಹೀಗೆ ನಿಯಮ ಅಲುಗಾಡಿದಾಗ ಕಟಾಫೂ ಅಲುಗಾಡುತ್ತದೆ. ಆದ್ದರಿಂದ ಪಟ್ಟಿಯನ್ನು ಅಂದಾಜಿಗೆ ಹಿಡಿಯಿರಿ, ಆ ವರ್ಷದ ಮಾಹಿತಿ ಪುಸ್ತಕವನ್ನು ಆಧಾರಕ್ಕೆ ಹಿಡಿಯಿರಿ.

ಹೊನವಾಡದ ಹುಡುಗನ ಲೆಕ್ಕ ಸಿಕ್ಕಿಬಿದ್ದದ್ದು ಎಸ್‌ಸಿಆರ್‌ನಲ್ಲಿ. ಗ್ರಾಮೀಣ ಮೀಸಲಾತಿ ಶೇ. 15. ಅದಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತು ಪೂರ್ಣ ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಇವನು ಏಳನೇ ತನಕ ಊರಲ್ಲಿ ಓದಿದ. ಎಂಟಕ್ಕೆ ಹಾಸ್ಟೆಲು ಸಿಕ್ಕಿತೆಂದು ವಿಜಯಪುರಕ್ಕೆ ಬಂದ. ಗ್ರಾಮೀಣ ಹಕ್ಕು ಹೋಯಿತು! ಊರಲ್ಲಿ ಎರಡು ಹೊತ್ತಿನ ಊಟ ಇದ್ದಿದ್ದರೆ ಅವನು ಬರುತ್ತಲೇ ಇರಲಿಲ್ಲ. ಬಡತನ ಅವನನ್ನು ನಗರದ ಹಾಸ್ಟೆಲಿಗೆ ತಳ್ಳಿತು, ಆ ಹಾಸ್ಟೆಲು ಅವನನ್ನು ಕಾಗದದಲ್ಲಿ ನಗರದವನನ್ನಾಗಿ ಮಾಡಿತು. ಅವನಪ್ಪ ಇವತ್ತಿಗೂ ಅದೇ ಕೇರಿಯಲ್ಲಿ ಇದ್ದಾನೆ. ಸರ್ಕಾರವನ್ನು ನಾವು ಕೇಳುತ್ತೇವೆ: ಹಳ್ಳಿಯ ದಲಿತ ಮಗು ಸರ್ಕಾರದ ಹಾಸ್ಟೆಲಿಗೆ ಸೇರಿದ್ದೇ ತಪ್ಪಾಯಿತೆ? ಈ ನಿಯಮ ತಿದ್ದಬೇಕು.

ತಿದ್ದುವ ತನಕ ಏನು? ಅವನು ಹತ್ತೂ ವರ್ಷ ಕನ್ನಡದಲ್ಲೇ ಓದಿದ್ದ. ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಎಸ್‌ಸಿಕೆ ಅವನಿಗೆ ಉಳಿದಿತ್ತು, ಅದು ಅವನಿಗೇ ಗೊತ್ತಿರಲಿಲ್ಲ. ಪ್ರಮಾಣಪತ್ರ ತಂದಿರಲಿಲ್ಲ. ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಎಂದು ಓಡಾಡಿದೆವು. ಒಂದು ಕಚೇರಿಯಲ್ಲಿ "ನಾಳೆ ಬಾ" ಎಂದು ನಾಲ್ಕು ನಾಳೆ ಕಳೆದರು. ಕೊನೆಗೆ ಹತ್ತು ಜನ ಒಟ್ಟಿಗೆ ಹೋಗಿ ಕೂತಾಗ ಅರ್ಧ ತಾಸಿನಲ್ಲಿ ಸಹಿ ಬಿತ್ತು. ಆದ್ದರಿಂದ ಪಿಯುಸಿ ಎರಡನೇ ವರ್ಷದ ದಸರಾ ರಜೆಯಲ್ಲೇ ಕಾಗದ ಕೂಡಿಸಿ. ತಹಸೀಲ್ದಾರರ ಜಾತಿ-ಆದಾಯ ಪತ್ರ, ಹತ್ತು ವರ್ಷದ ವ್ಯಾಸಂಗ ಪತ್ರ, ಕನ್ನಡ ಮಾಧ್ಯಮ ಪತ್ರ, ಗ್ರಾಮೀಣ ಪತ್ರ. ವಸತಿ ಶಾಲೆಯಲ್ಲಿ ಓದಿದವರು ಆ ಶಾಲೆ ಹಳ್ಳಿಯ ವ್ಯಾಪ್ತಿಯಲ್ಲಿತ್ತೋ ಪಟ್ಟಣದ್ದೋ ಎಂದು ಕೇಳಿ ತಿಳಿಯಿರಿ.

ಕೆಲವರು 371(ಜೆ) ನಮಗೂ ಇದೆ ಎಂದು ತಿಳಿದಿದ್ದಾರೆ. ಇಲ್ಲ. 2012ರ ತಿದ್ದುಪಡಿಯಿಂದ ಬಂದ ಆ ಸೌಲಭ್ಯ ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ. ವಿಜಯಪುರ ಮುಂಬಯಿ ಪ್ರಾಂತದಲ್ಲಿತ್ತು. ಭೀಮೆಯ ಆಚೆ ಅಫಜಲಪುರದ ಹುಡುಗನಿಗೆ ಸಿಗುವುದು ಈಚೆ ಇಂಡಿಯ ಹುಡುಗನಿಗೆ ಸಿಗುವುದಿಲ್ಲ. ಅರ್ಜಿಯಲ್ಲಿ ತಪ್ಪಾಗಿ ಗುರುತು ಹಾಕಿ ಪರಿಶೀಲನೆಯ ದಿನ ತಲೆ ತಗ್ಗಿಸಬೇಡಿ.

ಈಗ ಎಲ್ಲಕ್ಕಿಂತ ಮುಖ್ಯ ಮಾತು, ಆಪ್ಶನ್ ಎಂಟ್ರಿ. ಹಿಂದೊಂದು ವರ್ಷ ನಮ್ಮ ತಂಗಿಯೊಬ್ಬಳು ಕಂಪ್ಯೂಟರ್ ಓದಬೇಕೆಂದಿದ್ದಳು. ಪಟ್ಟಿಯಲ್ಲಿ ಮೊದಲಿಗೆ ತನಗೆ ಬೇಡವಾದ, ಆದರೆ ಖಂಡಿತ ಸಿಗುವ ಒಂದು ಸೀಟು ಬರೆದಳು. "ಮ್ಯಾಲ ದೊಡ್ಡದು ಬರದ್ರ ಇದೂ ಹೋಗ್ತದಂತ ಅಂಜಿದೆ" ಅಂದಳು. ಮೊದಲ ಸುತ್ತಿನಲ್ಲೇ ಮೊದಲ ಆಯ್ಕೆ ಸಿಕ್ಕಿತು, ಕೆಳಗಿನವೆಲ್ಲ ರದ್ದಾದವು. ಆಮೇಲೆ ಪಟ್ಟಿ ನೋಡಿದರೆ ಅವಳು ಕೆಳಗೆ ಬರೆದಿದ್ದ ಕಂಪ್ಯೂಟರ್ ಸೀಟು ಅವಳ ರ‍್ಯಾಂಕಿಗೆ ಸಿಗುತ್ತಿತ್ತು. ಅವಳು ಅತ್ತದ್ದನ್ನು ನಾವು ಮರೆತಿಲ್ಲ.

ನೆನಪಿಡಿ, ಕಷ್ಟದ ಸೀಟನ್ನು ಮೇಲೆ ಬರೆದರೆ ಸುಲಭದ ಸೀಟು ಕಳೆದುಹೋಗುವುದಿಲ್ಲ. ಯಂತ್ರ ಮೇಲಿಂದ ಕೆಳಗೆ ನೋಡುತ್ತಾ ಬರುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಇಳಿಯುತ್ತದೆ. ಆದ್ದರಿಂದ ಆಸೆಯ ಕ್ರಮದಲ್ಲಿ ಬರೆಯಿರಿ, ಅಂಜಿಕೆಯ ಕ್ರಮದಲ್ಲಿ ಬರೆಯಬೇಡಿ. ನೂರಾರು ವರ್ಷ ನಮ್ಮ ಆಸೆಯನ್ನು ಬೇರೆಯವರು ಪಟ್ಟಿಯ ಕೆಳಗೆ ಹಾಕಿದರು. ಈಗ ನಮ್ಮ ಕೈಯಿಂದಲೇ ನಾವು ಹಾಗೆ ಮಾಡಬೇಕೆ? ಮೇಲೆ ಬಯಸಿದವು, ನಡುವೆ ರ‍್ಯಾಂಕಿಗೆ ಹತ್ತಿರದವು, ಕೊನೆಗೆ ಖಂಡಿತ ಸಿಗುವ ನಾಲ್ಕೈದು. ವಿಜಯಪುರದ, ಬಾಗಲಕೋಟೆಯ ಕಾಲೇಜುಗಳಷ್ಟಕ್ಕೇ ನಿಲ್ಲಬೇಡಿ, ಸರ್ಕಾರಿ ಕಾಲೇಜು ಎಲ್ಲಿದ್ದರೂ ಬರೆಯಿರಿ. ಸೀಟು ಸಿಕ್ಕ ಮೇಲೆ ಒಂದನೇ ಚಾಯ್ಸ್ ಅಂದರೆ ಒಪ್ಪಿ ಸೇರುವುದು, ಎರಡನೆಯದು ಅಂದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು, ಮೂರನೆಯದು ಅಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಅಂದರೆ ಪೂರಾ ಹೊರಬರುವುದು. ತಿಳಿಯದೆ ಮೂರು, ನಾಲ್ಕು ಒತ್ತಿ ಕೈಗೆ ಬಂದದ್ದನ್ನು ಕಳಕೊಂಡವರಿದ್ದಾರೆ.

ಈ ಹೊತ್ತಿಗೆ ದಲ್ಲಾಳಿಗಳೂ ಬರುತ್ತಾರೆ. "ಮ್ಯಾನೇಜ್‌ಮೆಂಟ್ ಸೀಟು ಕೊಡಸ್ತೀನಿ, ಫೀ ಎಲ್ಲಾ ಸರ್ಕಾರ ಕಟ್ತದ" ಅನ್ನುತ್ತಾರೆ. ನಂಬಿ ಎಮ್ಮೆ ಮಾರಬೇಡಿ, ಬಡ್ಡಿಗೆ ತರಬೇಡಿ. ಯಾವ ಸೀಟಿಗೆ ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನದ ಆದಾಯ ಮಿತಿ ಎಷ್ಟು ಎಂಬುದನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ, ಬರೆಸಿಕೊಂಡು ಬನ್ನಿ.

ಲೆಕ್ಕ ಹಾಕಿದ ಮೇಲೂ ಕೆಲವರಿಗೆ ಸೀಟು ಸಿಗುವುದಿಲ್ಲ. ಸುಳ್ಳು ಸಮಾಧಾನ ನಾವು ಹೇಳುವುದಿಲ್ಲ. ಆದರೆ ಅದು ಕೊನೆಯ ಬಾಗಿಲಲ್ಲ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಹೋಗಬಹುದು. ಸೀಟು ಸಿಗದವನು ದಡ್ಡನಲ್ಲ. ಕೋಚಿಂಗಿಗೆ ದುಡ್ಡು ಸುರಿದವನ ಜೊತೆ, ಪ್ರಯೋಗಶಾಲೆಯ ಮುಖವನ್ನೇ ಸರಿಯಾಗಿ ಕಾಣದ ಹುಡುಗ ಓಡಿದ್ದಾನೆ.

ನಮ್ಮ ಜಿಲ್ಲೆಯ ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಕಲ್ಲು ಮಣ್ಣು ಹೊತ್ತ ತಲೆಗಳು ಯಾರವು, ನಕಾಶೆ ಬರೆದ ಕೈಗಳು ಯಾರವು? ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಒಣ ಸೀಮೆಗೆ ಏರಿ ಬಂತು. ಆ ಪಂಪಿನ ಮನೆಯ ಹೊರಗೆ ಗುದ್ದಲಿ ಹಿಡಿದು ನಮ್ಮವರು ದುಡಿಯಬಲ್ಲರು ಎಂಬುದು ಎಲ್ಲರಿಗೂ ಗೊತ್ತು. ಒಳಗೆ ಕೂತು ಅದನ್ನು ನಡೆಸಬಲ್ಲರು ಎಂಬುದು ಇನ್ನು ಗೊತ್ತಾಗಬೇಕು.

ಅದಕ್ಕೆ ಈ ಕೆಲಸ ಮಾಡೋಣ. ಪ್ರತಿ ಹಾಸ್ಟೆಲಿನಲ್ಲಿ ಈಗಾಗಲೇ ಎಂಜಿನಿಯರಿಂಗ್ ಓದುತ್ತಿರುವ ಇಬ್ಬರು ಅಣ್ಣಂದಿರು, ಅಕ್ಕಂದಿರು ಫಲಿತಾಂಶದ ವಾರ ಬಂದು ಕೂರಬೇಕು. ಒಬ್ಬೊಬ್ಬರ ಅಂಕ, ಕಾಗದ, ಪಟ್ಟಿ ನೋಡಿ ಆಪ್ಶನ್ ಬರೆಸಬೇಕು. ಆ ದಿನಗಳಲ್ಲಿ ಹಾಸ್ಟೆಲಿನ ಕಂಪ್ಯೂಟರು ಕೆಟ್ಟಿರಕೂಡದು ಎಂದು ವಾರ್ಡನ್ನರಿಗೆ ಈಗಲೇ ಬರೆದುಕೊಡಬೇಕು. ತಹಸೀಲ್ದಾರ್ ಮತ್ತು ಬಿಇಒ ಕಚೇರಿಯವರು ಒಂದು ದಿನ ಹಾಸ್ಟೆಲಿಗೇ ಬಂದು ಪ್ರಮಾಣಪತ್ರ ಕೊಡಬೇಕು ಎಂದು ಮನವಿ ಕೊಡೋಣ. ಕೊಡದಿದ್ದರೆ ಹತ್ತು ಜನ ಹೋದಲ್ಲಿಗೆ ನೂರು ಜನ ಹೋಗೋಣ.

ಹೊನವಾಡದ ಆ ಹುಡುಗನಿಗೆ ಎರಡನೇ ಸುತ್ತಿನಲ್ಲಿ ಸಿವಿಲ್ ಸೀಟು ಸಿಕ್ಕಿತು, ಎಸ್‌ಸಿಕೆಯಲ್ಲಿ. ಮುಂದಿನ ವರ್ಷ ಫಲಿತಾಂಶದ ವಾರ ಹಾಸ್ಟೆಲಿಗೆ ಬಂದು ಕೂರುವವರ ಪಟ್ಟಿಯಲ್ಲಿ ಅವನು ಮೊದಲನೆಯ ಹೆಸರು ಬರೆಸಿದ್ದಾನೆ. ಎರಡನೆಯ ಹೆಸರು ಯಾರದು?

ಜೈಭೀಮ್.